ಗೆರೆಗೆ ಸರಿಯಾಗಿ ನೀರು

ನೋಡಿ, ಸುಳ್ಳು ಹೇಳೋಕೂ ಒಂಚೂರು ಸೋಮಾರಿತನ ಬೇಕು. ಕೊಳದ ಮೇಸ್ತ್ರಿಗೆ ಅದಿರಲಿಲ್ಲ. ಅದಕ್ಕೇ ಕೆಟ್ಟ.

ಬಡಾವಣೆಯ ಈಜುಕೊಳದಲ್ಲಿ ಮೂವತ್ತು ವರ್ಷದಿಂದ ಪಂಪು, ಮರಳಿನ ಫಿಲ್ಟರು, ಕ್ಲೋರಿನ್ ಪುಡಿ, ಪಾಚಿ ಉಜ್ಜೋ ಬ್ರಷ್ಷು, ಎಲ್ಲಾ ಅವನದೇ. ದಿನಾ ಬೆಳಿಗ್ಗೆ ಜನ ಬರೋ ಹೊತ್ತಿಗೆ ನೀರು ನೀಲಿ ಟೈಲ್ಸಿನ ಅಂಚಿಗೆ ಸರಿಯಾಗಿ ನಿಂತಿರಬೇಕು. ಮೇಲೂ ಇಲ್ಲ, ಕೆಳಗೂ ಇಲ್ಲ. "ಮೇಸ್ತ್ರಿ ತಲೆ ಬಾಚಿರಲ್ಲ, ನೀರು ಮಾತ್ರ ಬಾಚಿರ್ತಾನೆ" ಅಂತ ಜನ ಆಡ್ಕೊಂಡು ನಗ್ತಿದ್ರು.

ಆರು ವರ್ಷದ ಹಿಂದೆ ಅವನ ಹೆಂಡತಿಗೆ ಲಕ್ವ ಹೊಡೀತು. ಬಲಗಾಲು ಸತ್ತಂಗಾಯ್ತು. ನೆಲದ ಮೇಲೆ ನಾಲ್ಕು ಹೆಜ್ಜೆ ಇಡೋಕೆ ಇಬ್ಬರು ಹಿಡೀಬೇಕು. ಎದೆಮಟ್ಟ ನೀರಲ್ಲಿ ನಿಲ್ಲಿಸಿದ್ರೆ ಮಾತ್ರ ಅಂಚು ಹಿಡ್ಕೊಂಡು ಒಬ್ಬಳೇ ನಡೀತಿದ್ದಳು. ದಿನಾ ಹನ್ನೆರಡು ಸುತ್ತು. "ಒಂದು ದಿನಾನೂ ತಪ್ಪಿಸಬೇಡಿ" ಅಂದಿದ್ರು ಡಾಕ್ಟರು. ಆ ಮಾತನ್ನ ಮೇಸ್ತ್ರಿ ಗಂಟು ಹಾಕ್ಕೊಂಡ.

ಅದೇ ವರ್ಷ ಕೊಳದ ತಳದಲ್ಲಿ, ನೀರು ಹೊರಗೆ ಹೋಗೋ ಜಾಲರಿ ಪಕ್ಕ, ಕೂದಲೆಳೆಯಷ್ಟು ಸೀಳು ಅವನ ಕಣ್ಣಿಗೆ ಬಿತ್ತು. ನೀರು ಖಾಲಿ ಮಾಡಿ, ಒಣಗಿಸಿ, ಅರ್ಧ ಮೂಟೆ ಸಿಮೆಂಟು ಮೆತ್ತಿ, ಮತ್ತೆ ತುಂಬಿಸಿದ್ರೆ ಒಂದು ವಾರದ ಕೆಲಸ. ಒಂದೇ ವಾರ! ಆದ್ರೆ ಆ ವಾರ ಹೆಂಡತಿ ಎಲ್ಲಿ ನಡೀಬೇಕು? ಮೇಸ್ತ್ರಿ ಬಾಯಿ ಹೊಲ್ಕೊಂಡ. ದಿನಾ ಹತ್ತು ನಿಮಿಷ ಬೇಗ ಬಂದು ನಲ್ಲಿ ತಿರುಗಿಸಿ, ಇಳಿದಷ್ಟು ತುಂಬಿಸಿದ. ಮುಂದಿನ ವರ್ಷ ಅರ್ಧ ಗಂಟೆ ಬೇಗ. ಆಮೇಲೆ ಎರಡು ಗಂಟೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತಾರಲ್ಲ, ಇವನು ಕೊಡಲೀನೂ ತಗೊಳ್ಳಲಿಲ್ಲ. ಸುಮ್ನೆ ನೀರು ಬಿಡ್ತಾ ಕೂತ.

ಈ ವರ್ಷ ಪಕ್ಕದ ಶಿಶುವಿಹಾರದ ಗೋಡೆ ಬಿರುಕು ಬಿಡ್ತು. ಕೊಳ ಸೋರ್ತಿದೆ, ತಿಂಗಳ ಕೊನೆಗೆ ಮುಚ್ತೀವಿ ಅಂತ ನಗರಸಭೆಯವರು ಗೇಟಿಗೆ ಕಾಗದ ಅಂಟಿಸಿದ್ರು. ಬಡಾವಣೆ ಮಕ್ಕಳಿಗೆಲ್ಲಾ ಈಜು ಕಲಿಸಿದ ಗಟ್ಟಿಗಿತ್ತಿ ಕೋಚಮ್ಮ ಸುಮ್ನಿರ್ತಾಳಾ? ಅರ್ಜಿ ಬರೆಯೋಕೆ ಮುಂಚೆ ನೆಟ್ಟಗೆ ಪಂಪ್ ರೂಮಿಗೆ ಬಂದಳು.

"ಮೇಸ್ತ್ರಿ, ನನ್ನ ಕಣ್ಣು ನೋಡಿ ಹೇಳಿ. ಸೋರ್ತಿದೆಯಾ?"

"ಒಂದು ತೊಟ್ಟೂ ಇಲ್ಲ ಕೋಚಮ್ಮ."

"ನಿಮ್ಮ ಮಾತೇ ಅರ್ಜೀಲಿ ಮೊದಲನೇ ಸಾಲು. ಆಮೇಲೆ ನನ್ನ ಮರ್ಯಾದೆ ತೆಗೀಬೇಡಿ."

ಮನೆಮನೆ ತಿರುಗಿ ಎಂಟುನೂರು ಸಹಿ ಹಾಕಿಸಿದಳು. ನಗರಸಭೆ ಒಬ್ಬ ಇಂಜಿನಿಯರನ್ನ ಕಳಿಸ್ತು. ಮಾತು ಕಮ್ಮಿ, ತಣ್ಣಗಿನ ಆಸಾಮಿ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ, ನೀರು ನಿಂತ ಮಟ್ಟಕ್ಕೆ ಟೈಲ್ಸ್ ಮೇಲೆ ಪೆನ್ಸಿಲ್ ಗೆರೆ ಎಳೆದ. ತುಂಬಿಸೋ ನಲ್ಲಿಗೆ ಸೀಲು ಹಾಕಿದ.

"ನಾಳೆ ಇದೇ ಹೊತ್ತಿಗೆ ನೋಡೋಣ. ಒಂದು ಬೆರಳು ಇಳಿದಿದ್ರೆ ಪರವಾಗಿಲ್ಲ, ಕೊಳ ಉಳೀತು. ಮೂರು ಬೆರಳು ಇಳಿದ್ರೆ ಮುಗೀತು."

ಹೋಗೋ ಮುಂಚೆ ಒಂದು ಬಕೆಟ್ ನೀರು ತುಂಬಿ ಕೊಳದ ಮೆಟ್ಟಿಲ ಮೇಲಿಟ್ಟ. ಮೇಸ್ತ್ರಿ ಕಣ್ಣೆಲ್ಲಾ ಸೀಲಿನ ಮೇಲೆ. ಬಕೆಟ್ ಯಾಕೆ ಅಂತ ಕೇಳಲೇ ಇಲ್ಲ.

ಭಾನುವಾರ ಬೆಳಿಗ್ಗೆ ಗೇಟಿಗೆ ಬೀಗ, ಒಳಗೆ ಇವನೊಬ್ಬನೇ. ನೀರು ಮೂರೂವರೆ ಬೆರಳು ಕೆಳಗಿತ್ತು. ಸ್ನಾನದ ಮನೆ ನಲ್ಲಿಗಳಿಂದ ಎರಡು ಪೈಪ್ ಎಳೆದು ಆರು ಗಂಟೆಗೇ ಕೊಳಕ್ಕೆ ಬಿಟ್ಟ. ಹತ್ತಾಗೋ ಹೊತ್ತಿಗೆ ಗೆರೆಗೆ ಒಂದು ಬೆರಳು ಬಾಕಿ. ಸಾಕು ನಿಲ್ಲಿಸೋ ಅಂತು ಮನಸ್ಸು. ಆದ್ರೆ ಕೈ ಕೇಳಬೇಕಲ್ಲ? ಮೂವತ್ತು ವರ್ಷ ಒಂದು ದಿನಾನೂ ಮಟ್ಟ ಕಮ್ಮಿ ಬಿಟ್ಟ ಕೈಯಲ್ಲ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ, ನೀರು ಗೆರೆ ಮುಟ್ಟೋವರೆಗೆ ಬಿಟ್ಟ. ಆಮೇಲೆ ಪೈಪ್ ಸುತ್ತಿಟ್ಟು, ಚೆಲ್ಲಿದ ನೀರನ್ನೂ ಒರೆಸಿದ.

ಹನ್ನೆರಡಕ್ಕೆ ಎಲ್ಲಾ ಬಂದ್ರು. ಹೆಂಡತಿ ಗಾಲಿಕುರ್ಚಿಯಲ್ಲಿ, ಈಜೋ ಬಟ್ಟೆ ಮೇಲೆ ಟವೆಲ್ ಹೊದ್ದು ಕೂತಿದ್ದಳು. ಪರೀಕ್ಷೆ ಮುಗಿದ ತಕ್ಷಣ ಇಳೀಬೇಕಲ್ಲ.

ಇಂಜಿನಿಯರ್ ಬಗ್ಗಿ ನೋಡಿದ. "ಗೆರೆ ಮೇಲೇ ಇದೆ."

ಕೋಚಮ್ಮ ಚಪ್ಪಾಳೆ ತಟ್ಟಿದಳು. "ಹೇಳಿರಲಿಲ್ವಾ ಸಾರ್!"

ಅವನು ಬಕೆಟ್ ಒಳಗೆ ಬೆರಳಿಟ್ಟ. "ಇದಕ್ಕೂ ನಿನ್ನೆ ಗೆರೆ ಹಾಕಿದ್ದೆ. ಬಿಸಿಲಿಗೆ ಅರ್ಧ ಬೆರಳು ಆರಿದೆ. ಮೇಸ್ತ್ರಿ, ಬಿಸಿಲು ಬಕೆಟ್ ಮೇಲೆ ಮಾತ್ರ ಬಿತ್ತಾ?"

ಕೋಚಮ್ಮನ ಕೈ ಹಾಗೇ ಕೆಳಗಿಳೀತು.

"ಎಷ್ಟು ದಿನದಿಂದ?" ಅಂದಳು.

"ಆರು ವರ್ಷ."

"ಮೊದಲು ಎಷ್ಟಿತ್ತು?"

"ಕೂದಲೆಳೆಯಷ್ಟು. ಒಂದು ವಾರದ ಕೆಲಸ."

"ಥೂ ನಿಮ್ಮ! ಎಂಟುನೂರು ಜನರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ!"

ಮೇಸ್ತ್ರಿ ಹೆಂಡತಿ ಕಡೆ ನೋಡಿದ. ಅಷ್ಟು ಸಾಕಾಯ್ತು, ಅವಳಿಗೆ ಎಲ್ಲಾ ಗೊತ್ತಾಯ್ತು.

"ನನಗೋಸ್ಕರನಾ? ನನ್ನನ್ನ ಒಂದು ಮಾತು ಕೇಳಬಾರದಿತ್ತೇನ್ರೀ?"

"ಒಂದು ವಾರ ಕಣೇ, ನೀನು ಹೇಗೆ..."

"ಒಂದು ವಾರ ಮಂಚದ ಮೇಲೆ ಬಿದ್ದಿದ್ದು ಮತ್ತೆ ಬರ್ತಿದ್ದೆ. ಇನ್ಮೇಲೆ ಎಲ್ಲಿಗೆ ಬರ್ಲಿ?"

ಇಂಜಿನಿಯರ್ ಶಿಶುವಿಹಾರದ ಗೋಡೆ ಕಡೆ ಕೈ ತೋರಿಸಿದ. "ಅದರಡಿ ಮಣ್ಣು ಕೊಚ್ಚಿಹೋಗಿದೆ. ನಾಳೆ ಮಕ್ಕಳು ಬರ್ತಾರೆ. ಅಷ್ಟರಲ್ಲಿ ಕೊಳ ಖಾಲಿ ಇರಬೇಕು. ಈಗಲೇ ನೀರು ಹೊರಗೆ ಬಿಡಿ."

"ನನ್ನ ಇವತ್ತಿನ ಸುತ್ತು ಬಾಕಿ ಇದೆ" ಅಂದಳು ಹೆಂಡತಿ. ಇಂಜಿನಿಯರ್ ಬೇಡ ಅನ್ನೋಕೆ ಬಾಯಿ ತೆರೆದ. ಕೋಚಮ್ಮ ನೋಡಿದ ನೋಟಕ್ಕೆ ಮುಚ್ಚಿದ.

ಮೇಸ್ತ್ರಿ ತಾನೇ ಪಂಪ್ ರೂಮಿಗೆ ಹೋಗಿ ವಾಲ್ವ್ ತಿರುಗಿಸಿದ. ವಾಪಸ್ ಬರೋ ಹೊತ್ತಿಗೆ ಕೋಚಮ್ಮ ಅವನ ಹೆಂಡತೀನ ನೀರಿಗೆ ಇಳಿಸಿದ್ದಳು. ಅವನು ಅಂಚಲ್ಲಿ ಕೂತು, ದಿನಾ ಎಣಿಸೋ ಹಾಗೆ ಎಣಿಸಿದ. ನಾಲ್ಕು ಸುತ್ತು ಅವಳು ಚೆನ್ನಾಗೇ ನಡೆದಳು. ಐದನೇದರಲ್ಲಿ ನೀರು ಸೊಂಟಕ್ಕೆ ಬಂತು, ಹಿಮ್ಮಡಿ ಎಳೆಯೋಕೆ ಶುರುವಾಯ್ತು. ಏಳನೇದರಲ್ಲಿ ತೊಡೆಗೆ ಇಳೀತು. ಕೊಳದ ಗೋಡೆಗೆ ಎದೆ ಒತ್ತಿಕೊಂಡು ನಡೆದಳು. ನೀರು ಮೊಣಕಾಲಿಗೆ ಬಂದಾಗ ಬಲಗಾಲು ಮಡಚ್ಕೊಂಡು, ಅಲ್ಲೇ ಕುಸಿದು ಕೂತಳು.

"ಎಷ್ಟಾಯ್ತು?" ಅಂತ ಕೇಳಿದಳು.

"ಎಂಟೂವರೆ."

"ಇವತ್ತಾದ್ರೂ ಹನ್ನೆರಡು ಅನ್ನಬಾರದಿತ್ತೇನ್ರೀ?"

ಮೇಸ್ತ್ರಿ ಚಪ್ಪಲಿ ಸಮೇತ ಇಳಿದು ಅವಳ ಒಂದು ತೋಳು ಹಿಡಿದ. ಇನ್ನೊಂದು ತೋಳು ಕೋಚಮ್ಮ ಹಿಡಿದಳು. ಅವನ ಮುಖ ಮಾತ್ರ ನೋಡಲಿಲ್ಲ.