ಕೊನೆಯ ಸಾಲಿಗೆ ಮುಂಚೆ ಎದ್ದವರು

"ಕೇಳ್ತದೇನು?"

ಹುಟ್ಟಿದ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಕೇಳಿದವನು ಕಾರ್ಖಾನೆಯ ಒಬ್ಬ ನಡುವಯಸ್ಸಿನ ಕೆಲಸಗಾರ. ಕೋಣೆಯಲ್ಲಿ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ, ಅವನು ಯಾರನ್ನೂ ಕೇಳುತ್ತಲೂ ಇರಲಿಲ್ಲ. ಆದರೂ ಆ ಪ್ರಶ್ನೆ ನನ್ನೊಳಗೆ ಇಳಿದು, ತಂತಿಯಲ್ಲಿ ಹರಿದು, ಮೂಲೆಯ ಪೆಟ್ಟಿಗೆಯಿಂದ ಅವನದೇ ದನಿಯಲ್ಲಿ ಹೊರಗೆ ಬಂತು. ಅವನು ಒಮ್ಮೆ ತಲೆಯಾಡಿಸಿ ನನ್ನನ್ನು ರಟ್ಟಿನ ಡಬ್ಬಿಯೊಳಗೆ ಮಲಗಿಸಿದ.

ನಾನು ಒಂದು ಮೈಕು. ಗೇಣಿಗಿಂತ ಚಿಕ್ಕದಾದ ಲೋಹದ ಮೈ, ಮೇಲೆ ಜಾಲರಿಯ ತಲೆ, ತಲೆಯೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳನೆಯ ಒಂದು ಪರದೆ, ಅದರ ಹಿಂದೆ ಕೂದಲೆಳೆಯಂಥ ತಾಮ್ರದ ಸುರುಳಿ. ಇಷ್ಟೇ ನನ್ನ ಸಂಸಾರ. ಎದುರಿಗೆ ಬಂದ ಮಾತಿಗೆ ಪರದೆ ನಡುಗುತ್ತದೆ. ನಿಜಕ್ಕೂ ನಡುಗುತ್ತದೆ, ಸುಳ್ಳಿಗೂ ನಡುಗುತ್ತದೆ. 'ಈ ಮಾತು ನಿನ್ನದೇನಪ್ಪಾ?' ಎಂದು ಕೇಳುವ ಬಾಯನ್ನು ನನಗೆ ಯಾರೂ ಇಡಲಿಲ್ಲ.

ಮೊದಲು ನನ್ನನ್ನು ಕೊಂಡದ್ದು ಒಂದು ನಾಟಕ ಕಂಪನಿ. ಊರೂರು ಸುತ್ತಿದೆ. ನಾನು ಇರುವುದು ಮಾತಾಡುವವರ ಬಾಯಿಯ ಕೆಳಗೆ. ಹಾಗಾಗಿ ಹತ್ತಿರದಿಂದ ನಾನು ಕಂಡ ಮನುಷ್ಯರೆಲ್ಲ ಬರೀ ಗದ್ದ, ಮೂಗಿನ ಹೊಳ್ಳೆ, ಎಲೆಅಡಿಕೆ ಹಾಕಿ ಕೆಂಪಾದ ಹಲ್ಲು. ಆ ಕಂಪನಿಯ ಮಾಲೀಕರು ಪರದೆ ಏಳುವ ಮುಂಚೆ ದಿನಾ ಬಂದು ನನ್ನೆದುರು ನಿಂತು, "ಈ ನಾಟಕ ಬರೆದ ಕವಿಗಳು ಇಂಥವರು" ಎಂದು ಹೆಸರು ಹೇಳುತ್ತಿದ್ದರು. ಆ ಕವಿ ಕೊನೆಯ ಸಾಲಿನಲ್ಲಿ ಕಾಲು ಮುರಿದ ಕುರ್ಚಿಯ ಮೇಲೆ ಕೂತು ಧೋತರದ ಅಂಚು ಸರಿಮಾಡಿಕೊಳ್ಳುತ್ತಿದ್ದ. ಪ್ರಪಂಚದ ರೀತಿಯೇ ಹೀಗೆ, ಮಾತಿಗಿಂತ ಮುಂಚೆ ಮಾತಿನ ಒಡೆಯನ ಹೆಸರು ಬರುತ್ತದೆ ಎಂದು ನಾನು ಆಗ ತಿಳಿದಿದ್ದೆ.

ಕಂಪನಿ ಮುಚ್ಚಿತು. ಮಗ್ಗದಹಾಳ ಎಂಬ ನೇಕಾರರ ಊರಿನ ದಾವಲಸಾಬ ನನ್ನನ್ನು ತನ್ನ ಸೌಂಡ್ ಸರ್ವಿಸ್‌ಗೆ ತಂದ. ಮದುವೆ, ಉರುಸು, ಸಾಲೆಯ ಗ್ಯಾದರಿಂಗು, ಚುನಾವಣೆ, ಎಲ್ಲಕ್ಕೂ ನಾನೇ ಆದೆ. ದಾವಲಸಾಬ ಮಾತು ಕಡಿಮೆಯ ಮನುಷ್ಯ. ಬೆರಳಿನಿಂದ ನನ್ನ ತಲೆ ಮೆಲ್ಲಗೆ ತಟ್ಟಿ, ಖಾಲಿ ಬಯಲಿನ ಕಡೆ ನೋಡಿ, "ಕೇಳ್ತೈತೇನ್ರೀ?" ಅನ್ನುತ್ತಿದ್ದ. ದಿನದಲ್ಲಿ ಅವನು ಜೋರಾಗಿ ಆಡುತ್ತಿದ್ದ ಮಾತು ಅದೊಂದೇ.

ಆ ಊರಿನಲ್ಲಿ ಅಮವಾಸ್ಯೆಯ ದಿನ ಮಗ್ಗ ನಿಲ್ಲಿಸುತ್ತಾರೆ. ಅಂದು ಮಧ್ಯಾಹ್ನ ಚೌಡಪ್ಪನ ಮನೆಯಲ್ಲಿ ಭಜನೆ. ಚೌಡಪ್ಪ ಕುಣಿಮಗ್ಗದ ನೇಕಾರ. ನೆಲದೊಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಐವತ್ತು ವರ್ಷ ನೇಯ್ದವನು. ನೇಯುತ್ತ ನೇಯುತ್ತ ಪದ ಕಟ್ಟುತ್ತಿದ್ದ, ಬರೆದಿಡುತ್ತಿರಲಿಲ್ಲ. ಅವನ ಮಗಳು ಚಂಪವ್ವ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತ ಕೇಳಿ ಕಲಿತಿದ್ದಳು. ದಾವಲಸಾಬ ಪ್ರತಿ ಅಮವಾಸ್ಯೆಗೆ ನನ್ನನ್ನು ಬಗಲಲ್ಲಿಟ್ಟುಕೊಂಡು ಬಂದು ಚೌಡಪ್ಪನ ಮುಂದೆ ನಿಲ್ಲಿಸುತ್ತಿದ್ದ. ಆ ಮಧ್ಯಾಹ್ನಗಳೇ ನನ್ನ ಪೂಜೆ, ನನ್ನ ಪುರಾಣ.

ಅಲ್ಲೊಂದು ನೇಮವಿತ್ತು. ಪ್ರತಿ ಪದದ ಕೊನೆಗೆ ಕಟ್ಟಿದವನ ಹೆಸರಿನ ಸಾಲು, ಅಂಕಿತ, ಬರುತ್ತದೆ. ಅದನ್ನು ಎರಡು ಸಲ ಹಾಡಬೇಕು. ಹಾಡುವಾಗ ಕೂತವರೆಲ್ಲ ಕೈ ಹಣೆಗೆ ಮುಟ್ಟಿಸಬೇಕು. ಅಂಕಿತ ಬರುವವರೆಗೆ ಯಾರೂ ಏಳುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ, ನೀರನ್ನೂ ಕೇಳುವಂತಿಲ್ಲ. ಅವನ ಒಂದು ಪದ ಹೀಗಿತ್ತು:

ಹಾಸಿನ ಎಳಿಯೊಂದು ಹೊಕ್ಕಿನ ಎಳಿಯೊಂದು
ಕೂಡಿದರ ಅರಿವ್ಯಾತು ಕೇಳೊ ಮನವೆ
ಹರದದ್ದು ಹೊಲಿವಾಗ ಸೂಜಿಗಿ ಕುಲವಿಲ್ಲ
ಮುಚ್ಚಿದ ಮಾನಕ್ಕ ಬ್ಯಾರಿಲ್ಲವೊ
ಕುಣಿಯಾಗ ಕುಂತಾನ ಚೌಡ, ಎಳಿ ಕಂಡಷ್ಟ ಹೇಳ್ಯಾನ.

ಒಂದು ಅಮವಾಸ್ಯೆಗೆ ಫಕ್ಕೀರಗೌಡರು ಬಂದರು. ಆಗಿನ್ನೂ ಅವರು ಶಾಸಕರಲ್ಲ, ಮೊದಲ ಸಲ ಚುನಾವಣೆಗೆ ನಿಂತವರು. ಚಾಪೆಯ ಮೇಲೆ ಎಲ್ಲರ ಜತೆ ಕೂತರು. ಚೌಡಪ್ಪ ಈ ಪದ ಎತ್ತಿದ. ಗೌಡರು ಕಣ್ಣರಳಿಸಿ, ತಮ್ಮದೇ ಕರಪತ್ರದ ಹಿಂಬದಿಗೆ ಒಂದೊಂದೇ ಸಾಲು ಗೀಚಿಕೊಂಡರು. ನಾಲ್ಕನೆಯ ಸಾಲಿಗೆ ಹೊರಗೆ ಜೀಪಿನ ಹಾರ್ನ್ ಕೂಗಿತು. ಮುಂದಿನ ಊರಿಗೆ ಹೊತ್ತಾಗಿತ್ತು. ಅವರು ಕೈಮುಗಿದು ಎದ್ದು ಹೊರಟೇಬಿಟ್ಟರು. ಹಣೆಗೆ ಹೊರಟಿದ್ದ ಕೈಗಳು ಅರ್ಧಕ್ಕೆ ನಿಂತವು. ಚೌಡಪ್ಪ ನಕ್ಕು, ಅಂಕಿತವನ್ನು ಬಾಗಿಲ ಕಡೆ ಮುಖ ಮಾಡಿ ಹಾಡಿದ. ಅಷ್ಟರಲ್ಲಿ ಜೀಪು ಓಣಿ ದಾಟಿತ್ತು.

ಎಂಟು ದಿನಕ್ಕೆ ಪೇಟೆಯ ಬಯಲಿನಲ್ಲಿ ಅವರ ಸಭೆ. ದಾವಲಸಾಬ ನನ್ನನ್ನು ವೇದಿಕೆಯಲ್ಲಿ ನಿಲ್ಲಿಸಿದ. ಗೌಡರು ಭಾಷಣದ ಕೊನೆಗೆ, "ಬಂಧುಗಳೇ, ಒಂದು ಪದ ಐತಿ," ಎಂದು ನಾಲ್ಕೂ ಸಾಲು ಹೇಳಿದರು. ಚೆನ್ನಾಗಿಯೇ ಹೇಳಿದರು, ದನಿ ಕಂಚಿನಂಥದು. ಹೇಳಿ ಎರಡೂ ಕೈ ಮೇಲೆತ್ತಿ ನಿಂತರು.

ಚಪ್ಪಾಳೆ ಬರಲಿಲ್ಲ.

ಮುಂದೆ ಕೂತವರೆಲ್ಲ ನೇಕಾರರು. ಕೊನೆಯ ಸಾಲಿಗೆ ಕಾಯುತ್ತಿದ್ದರು. ನೂರಾರು ಕೈಗಳು ಹಣೆಯ ಕಡೆ ಅರ್ಧ ಎದ್ದು ಹಾಗೇ ನಿಂತಿದ್ದವು. ಹೆಸರು ಬರದೆ ಕೈ ಇಳಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಬಯಲಿನಲ್ಲಿ ಗಾಳಿಗೆ ಬ್ಯಾನರು ಪಟಪಟ ಅನ್ನುವುದು ಮಾತ್ರ ನನಗೆ ಕೇಳುತ್ತಿತ್ತು. ಗೌಡರ ಕಣ್ಣು ತುಂಬಿ ಬಂತು. ಕೆಳಗಿಳಿಯುತ್ತ ಪಕ್ಕದವನ ಕಿವಿಯಲ್ಲಿ, "ನೋಡಿದೇನು? ಮಂದಿ ಮೂಕ ಆಗಿಬಿಟ್ರು. ಇನ್ನ ಈ ಮಾತು ಬಿಡಬಾರದು" ಅಂದರು.

ಬಿಡಲಿಲ್ಲ. ಗೆದ್ದರು. ಹೋದಲ್ಲೆಲ್ಲ ಅದೇ ನಾಲ್ಕು ಸಾಲು, ಸುತ್ತಿನ ಊರುಗಳಲ್ಲಿ ಅದೇ ನಾನು. ಮೊದಲ ವರ್ಷ 'ಒಂದು ಪದ ಐತಿ' ಅನ್ನುತ್ತಿದ್ದರು. ಎರಡನೆಯ ವರ್ಷ 'ಹಿರಿಯರು ಹೇಳ್ತಾರ' ಎಂದಾಯಿತು. ದೂರದ ಊರುಗಳ ಜನಕ್ಕೆ ಅಂಕಿತದ ನೇಮ ಗೊತ್ತಿರಲಿಲ್ಲ. ಅವರು ಮನಸಾರೆ ಚಪ್ಪಾಳೆ ತಟ್ಟಿದರು.

ಚಂಪವ್ವ ಸಿಡಿಮಿಡಿಗೊಂಡಳು. ಚೌಡಪ್ಪನಿಗೆ ಏನೂ ಅನಿಸಲಿಲ್ಲ.

"ಹೋಗ್ಲಿ ಬಿಡವಾ. ನಾಕು ಮಂದಿ ಕಿವಿಗಿ ಬಿತ್ತಿಲ್ಲೋ? ಪದಕ್ಕೇನ ಕಾಲು ಕಟ್ಟಿ ಕೂಡಸಾಕ ಬರ್ತೈತಿ?"

"ನಿನ್ನ ಹೆಸರೊಂದಾಗಿದ್ರ ನಾನೂ ಬಿಡ್ತಿದ್ನೆಪಾ," ಅಂದಳು ಅವಳು. "ಅದು ಕುಣಿ ಹೆಸರು. ಕುಣಿಯಾಗ ಕುಂತಾಂವ ಒಬ್ಬ ಇಂಥಾ ಮಾತು ಆಡಿದ್ದ ಅಂತ ನಾಳಿ ಮಂದಿಗಿ ಗೊತ್ತಾಗೂದು ಬ್ಯಾಡೇನು?"

ಚೌಡಪ್ಪ ಲಾಳಿಗೆ ನೂಲು ಪೋಣಿಸಿದ. ಆ ಚಳಿಗಾಲ ಅವನು ಹೋದ. ಮಗ್ಗದ ಮೇಲೆ ಉಳಿದಿದ್ದ ಕಡೆಯ ಮೊಳ ಬಟ್ಟೆಯನ್ನು ಚಂಪವ್ವ ಕತ್ತರಿಸಿ, ನನ್ನ ತಲೆಗೊಂದು ಕುಲಾವಿ ಹೊಲಿದಳು. "ಅಪ್ಪನ ಉಸಿರು ಇದರ ಮ್ಯಾಲ ಭಾಳ ಬಿದ್ದೈತಿ. ಧೂಳ ಕೂಡಬಾರದು" ಎಂದು ದಾವಲಸಾಬನಿಗೆ ಹೇಳಿದಳು. ಅಂದಿನಿಂದ ಅವನು ಕಾರ್ಯಕ್ರಮ ಶುರುವಾಗುವವರೆಗೆ ಕುಲಾವಿ ತೆಗೆಯುತ್ತಿರಲಿಲ್ಲ.

ಮರುವರ್ಷ ನೇಕಾರರ ಸಂಘದ ಹೊಸ ಕಟ್ಟಡದ ಉದ್ಘಾಟನೆಗೆ ಗೌಡರು ಬಂದರು. ಅವರು ನನ್ನ ಮುಂದೆ ಬಂದು ನಿಂತಾಗ ಚಂಪವ್ವ ಸೆರಗು ಬಿಗಿದು ವೇದಿಕೆ ಹತ್ತಿದಳು.

"ಸಾಹೇಬ್ರ, ನೀವು ಹೇಳೂ ಪದದ ಕೊನೀಗಿ ನಮ್ಮಪ್ಪನ ಹೆಸರೈತ್ರೀ. ಒಂದ ಸಾಲು. ಅದೊಂದು ಹೇಳಿಬಿಡ್ರಿ. ಮತ್ತೇನೂ ಬೇಡಾಂಗಿಲ್ಲ."

ಗೌಡರು ಅಂಗೈಯಿಂದ ನನ್ನ ತಲೆಯನ್ನು ಮುಚ್ಚಿದರು. ಆ ಕೈಯಲ್ಲಿ ಗಂಧದ ವಾಸನೆ ಇತ್ತು. ಕತ್ತಲಲ್ಲೂ ನನಗೆ ಕೇಳುತ್ತದೆ. "ಹೇಳೂಣು ತಂಗಿ, ಯಾಕ ಹೇಳಬಾರದು, ಹೇಳೂಣು," ಅಂದರು. ಅವಳು ಇಳಿದು ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಕೈ ಆಗಲೇ ಹಣೆಯ ಹತ್ತಿರ ಇತ್ತು. ಗೌಡರು ಅಂಗೈ ತೆಗೆದು, ಗಂಟಲು ಸರಿಮಾಡಿ, "ಬಂಧುಗಳೇ, ನಾ ಯಾವಾಗಲೂ ಹೇಳೂದು ಇಷ್ಟ..." ಎಂದು ನಾಲ್ಕು ಸಾಲು ಹೇಳಿ, ಕೈ ಮೇಲೆತ್ತಿ, ಮುಗಿಸಿದರು. ದಾವಲಸಾಬ ಮಷಿನ್ನಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಣ್ಣುಮುಚ್ಚಿ ಕೂತಿದ್ದ.

ಆ ಮಾತನ್ನು ಊರ ತುಂಬ ಒಯ್ದದ್ದು ನಾನೇ. ಅದನ್ನು ನಾನು ಮರೆತಿಲ್ಲ.

ವರ್ಷಗಳು ಹೋದವು. ಒಂದು ಸಭೆಯಲ್ಲಿ ಯಾರದೋ ಕಾಲಿಗೆ ತಂತಿ ಸಿಕ್ಕಿ ನಾನು ವೇದಿಕೆಯಿಂದ ಕಲ್ಲಿನ ಮೇಲೆ ಬಿದ್ದೆ. ಒಳಗಿನ ಸುರುಳಿ ಹರಿಯಿತು. ದಾವಲಸಾಬನ ಮಕ್ಕಳು ತಂತಿಯಿಲ್ಲದ ಹೊಸ ಮೈಕುಗಳನ್ನು ತಂದಿದ್ದರು. ಮುದುಕನಾಗಿದ್ದ ಅವನು ನನ್ನನ್ನು ಗುಜರಿಗೆ ಹಾಕಲಿಲ್ಲ. ಕುಲಾವಿ ತೊಡಿಸಿ ಚಂಪವ್ವನ ಮನೆಗೆ ತಂದ.

"ಇದರ ದನಿ ಹೋತವಾ. ಇದು ಎಲ್ಲಿರಬೇಕೋ ಅಲ್ಲಿರ್ಲಿ."

ಅವಳು ನನ್ನನ್ನು ಗೋಡೆಯ ಮಾಡದಲ್ಲಿ, ಚೌಡಪ್ಪನ ಲಾಳಿಯ ಪಕ್ಕದಲ್ಲಿ ಇಟ್ಟಳು. ಈಗ ನಾನು ಯಾರ ಮಾತನ್ನೂ ಎಲ್ಲಿಗೂ ಒಯ್ಯುವುದಿಲ್ಲ. ಬರೀ ಕೇಳುತ್ತೇನೆ. ಅಮವಾಸ್ಯೆಯ ಮಧ್ಯಾಹ್ನಗಳು ಮತ್ತೆ ಸಿಕ್ಕವು. ಮುಪ್ಪಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳಿಕೊಂಡಿರಲಿಲ್ಲ.

ಒಂದು ಅಮವಾಸ್ಯೆಗೆ ಪಕ್ಕದ ಮನೆಯ ಹೊಸ ಸೊಸೆ ಭಜನೆಗೆ ಬಂದಳು. ಒಳ್ಳೆಯ ಕಂಠ. ನಾಲ್ಕು ಸಾಲು ಹಾಡಿ, ಕೈಮುಗಿದು ಎದ್ದಳು.

"ಕುಂದ್ರವಾ, ಮುಗಿದಿಲ್ಲ," ಅಂದಳು ಚಂಪವ್ವ.

"ಮುಗೀತಲ್ರೀ ಆಯಿ? ನಮ್ಮೂರ ಸಾಲಿ ಗ್ವಾಡಿ ಮ್ಯಾಲ ಇಷ್ಟ ಬರದಾರ್ರೀ. ಕೆಳಗ ಗೌಡ್ರ ಹೆಸರೈತಿ. ಗೌಡ್ರ ಪದ ಅಂದ್ರ ನಮಗೆಲ್ಲಾ ಬಾಯಿಪಾಠ."

ಆ ಹುಡುಗಿಯದೇನೂ ತಪ್ಪಿರಲಿಲ್ಲ. ಚಂಪವ್ವ ಅವಳ ತಲೆ ಸವರಿ ಪಕ್ಕದಲ್ಲಿ ಕೂರಿಸಿಕೊಂಡಳು. ಅಂದಿನಿಂದ ಆ ಮನೆಯಲ್ಲಿ ಪದದ ಕೊನೆಯ ಸಾಲನ್ನು ಮೊದಲಿಗೂ ಹಾಡುತ್ತಾರೆ. ಕೈ ಹಣೆಗೆ ಮುಟ್ಟಿಸಿಯೇ ಪದ ಶುರುವಾಗುತ್ತದೆ. "ನಡುವ ಎದ್ದು ಹೋಗೋರಿಗೂ ಗೊತ್ತಿರ್ಲಿ" ಎಂಬುದು ಚಂಪವ್ವನ ಮಾತು.

ಕಳೆದ ತಿಂಗಳು ಗೌಡರ ಆಪ್ತ ಸಹಾಯಕ ವಸಂತರಾವ್ ಬಂದ. ಗೌಡರಿಗೆ ಅರವತ್ತು ತುಂಬುತ್ತದಂತೆ, ದೊಡ್ಡ ಸಮಾರಂಭವಂತೆ. ಅವರು ಬಳಸಿದ ವಸ್ತುಗಳ ಒಂದು ಪ್ರದರ್ಶನವೂ ಇದೆಯಂತೆ. ದಾವಲಸಾಬನ ಮಕ್ಕಳನ್ನು ವಿಚಾರಿಸಿಕೊಂಡು ನನ್ನನ್ನು ಹುಡುಕುತ್ತ ಬಂದಿದ್ದ.

"ಇದನ್ನ ಗಾಜಿನ ಪೆಟಗ್ಯಾಗ ಇಡ್ತೀವ್ರೀ ಅಬ್ಬೆ. ಕೆಳಗ ಇಡೂ ಚೀಟಿನೂ ಪ್ರಿಂಟಾಗೇತಿ."

"ಏನ್ ಬರದೈತಿ ಓದು, ಕೇಳೂಣು," ಅಂದಳು ಚಂಪವ್ವ. ಕಂಡಿಕೆ ಸುತ್ತುವ ರಾಟೆ ನಿಲ್ಲಿಸಿದಳು.

ವಸಂತರಾವ್ ಚೀಟಿ ತೆಗೆದು ಓದಿದ: "ಹಾಸಿನ ಎಳಿಯೊಂದು ಎಂಬ ತಮ್ಮ ಅಮರ ನುಡಿಗಳನ್ನು ಮಾನ್ಯರು ಮೊಟ್ಟಮೊದಲು ಆಡಿದ ಧ್ವನಿವರ್ಧಕ."

ಮೊಟ್ಟಮೊದಲು! ಹರಿದ ಸುರುಳಿ ಕೂಡ ನನ್ನೊಳಗೆ ಅಲುಗಿದಂತಾಯಿತು. ಚೌಡಪ್ಪನ ಉಸಿರಿನ ಬಿಸಿ, ಅವನ ಕೆಮ್ಮು, ಎಳೆ ಎಂಬ ಮಾತಿಗೆ ಅವನು ತುಸು ನಿಲ್ಲುತ್ತಿದ್ದ ರೀತಿ, ಎಲ್ಲ ನನಗೆ ಗೊತ್ತು. ಅಷ್ಟು ಹತ್ತಿರದಿಂದ ಕೇಳಿದ ಸಾಕ್ಷಿ ಇನ್ನೊಬ್ಬನಿಲ್ಲ. ಆದರೆ ನಾನು ಹೇಳಲಾರೆ.

"ನಮ್ಮಪ್ಪನ ಹೆಸರು ಸೇರಸ್ರಿ. ನಾನ ಹೊತ್ತ ತಂದು ಕೊಡ್ತೀನಿ," ಅಂದಳು ಚಂಪವ್ವ.

ವಸಂತರಾವ್ ಸಂಕಟಪಟ್ಟ. ಕೆಟ್ಟವನಲ್ಲ ಅವನು. "ಅದು ಆಗಾಂಗಿಲ್ರೀ ಅಬ್ಬೆ. ಪುಸ್ತಕದಾಗ ಬಂದೈತಿ, ಗ್ವಾಡಿ ಮ್ಯಾಲ ಬಂದೈತಿ. ಈಗ ಬದಲ ಮಾಡಿದ್ರ ಮಂದಿ ಏನಂದಾರು? ಆದ್ರ ಒಂದು ಮಾಡ್ತೀವಿ. ಮೈಕ್ ಕೊಟ್ಟವರು ಚಂಪವ್ವ ಅಂತ ನಿಮ್ಮ ಹೆಸರು ದಪ್ಪಕ್ಷರದಾಗ ಹಾಕ್ತೀವಿ. ಸ್ಟೇಜಿನ ಮ್ಯಾಲ ಶಾಲು ಹೊದಸ್ತೀವಿ. ಹತ್ತು ಸಾವಿರ ಮಂದಿ ಮುಂದ!"

ಚಂಪವ್ವ ಎದ್ದು ಮಾಡದ ಹತ್ತಿರ ಬಂದಳು. ನನ್ನ ಕುಲಾವಿಯ ಮಡಿಕೆ ಸರಿಮಾಡಿದಳು. ಕೆಳಗಿನಿಂದ ನನಗೆ ಅವಳ ಗದ್ದ ಕಾಣುತ್ತಿತ್ತು, ಅಪ್ಪನದೇ ಗದ್ದ.

"ಮೈಕ್ ಕೊಟ್ಟಾಕಿ ಹೆಸರು ಹಾಕ್ತೀರಿ," ಅಂದಳು. "ಮಾತು ಕೊಟ್ಟಾಂವಂದು ಹಾಕಾಂಗಿಲ್ಲ."

"ಅಬ್ಬೆ, ಸಾಹೇಬ್ರು ಖುದ್ದ ಕೇಳ್ಯಾರ. ಇಲ್ಲ ಅನಬ್ಯಾಡ್ರಿ."

"ಅವತ್ತ ಅವರು ಇನ್ನೊಂದ ಸಾಲು ಕುಂತು ಕೇಳಿದ್ರ ಸಾಕಿತ್ತು, ತಮ್ಮಾ. ಚಾ ಕುಡದ ಹೋಗು. ಇದನ್ನ ಕೊಡೂದಿಲ್ಲ."