ಕೆಂಚನ ಬಾವು

ದಂಡಿಗನಹಳ್ಳಿಯ ಗಂಗಯ್ಯನ ನಾಯಿ ಕೆಂಚ ಆರು ವರ್ಷದಲ್ಲಿ ಒಬ್ಬರನ್ನೂ ಕಚ್ಚಿದ್ದಿಲ್ಲ. ಮಕ್ಕಳಿಲ್ಲದ ಗಂಗಯ್ಯ, ಅವನ ಹೆಂಡತಿ ಹೊನ್ನಕ್ಕ ಕೂಲಿಗೆ ಹೊರಟರೆ ಅದೂ ಬೆನ್ನಿಗೇ ಹೋಗಿ, ಬದುವಿನ ಮೇಲೆ ಬುತ್ತಿ ಕಾಯುತ್ತಾ ಮಲಗಿರುತ್ತಿತ್ತು.

ಅರವತ್ತೊಂದನೇ ಇಸವಿಯ ಯುಗಾದಿ ಕಳೆದ ಮೇಲೆ ಕೆಂಚ ಅಂಡನ್ನು ನೆಲಕ್ಕೊತ್ತಿ ಅಂಗಳದ ತುಂಬ ತೆವಳತೊಡಗಿತು. ಬಾಲದ ಬುಡವನ್ನು ನೆಕ್ಕಿ ನೆಕ್ಕಿ ಕೂದಲು ಉದುರಿತು. ಹತ್ತಿರ ಹೋದರೆ ಕೊಳೆತ ಮೀನಿನಂಥ ನಾತ. ಹುಳ ಇರಬೇಕೆಂದು ಹೊನ್ನಕ್ಕ ಬೇವಿನಸೊಪ್ಪು ಅರೆದು ಕುಡಿಸಿದಳು. ಗುಣ ಕಾಣಲಿಲ್ಲ. ಕೊನೆಗೆ ಗಂಗಯ್ಯ ಅದನ್ನು ಚನ್ನರಾಯಪಟ್ಟಣದ ದನದ ಆಸ್ಪತ್ರೆಗೆ ನಡೆಸಿಕೊಂಡು ಹೋದ.

ಡಾಕ್ಟರು ಪಂಚಾಕ್ಷರಯ್ಯ ಬಾಲ ಎತ್ತಿ ನೋಡಿದರು. "ಹುಳ ಅಲ್ಲಯ್ಯ. ಗುದದ ಎಡಕ್ಕೊಂದು, ಬಲಕ್ಕೊಂದು ಸಣ್ಣ ಚೀಲ ಇರ್ತವೆ. ಒಳಗಿನ ರಸ ತಾನಾಗೇ ಹೋಗಬೇಕು. ಇದಕ್ಕೆ ಕಟ್ಟಿಕೊಂಡಿದೆ." ಬಟ್ಟೆಯಿಟ್ಟು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಕಂದು ರಸ ಹೊರಬಂತು. "ತಿಂಗಳಿಗೊಂದು ಸಲ ನೀನೇ ಹೀಗೆ ಮಾಡು. ಊದಿ ಕೆಂಪಾಗಿದ್ದರೆ ಮಾತ್ರ ಒತ್ತಬೇಡ, ಇಲ್ಲಿಗೆ ತಾ. ಆಗ ಬಹಳ ನೋವಿರುತ್ತೆ. ಬಾಯಿ ಕಟ್ಟದೆ ಮುಟ್ಟಲೇಬೇಡ."

ಗಂಗಯ್ಯ ಹಾಗೇ ಮಾಡಿದ. ಅವರು ಕೂಲಿ ಮಾಡುತ್ತಿದ್ದ ಹೊಲದ ಒಡೆಯ ಕೆಂಪಣ್ಣ ಒಮ್ಮೆ ನೋಡಿ, "ಏನ್ಲಾ ಗಂಗ, ನಾಯಿ ಕುಂಡಿ ಹಿಂಡೋ ಕೆಲ್ಸ ಸಿಕ್ತಾ?" ಅಂತ ನಕ್ಕ. ಗಂಗಯ್ಯನೂ ನಕ್ಕ.

ಮಾಗಿಯಲ್ಲಿ ಗಂಗಯ್ಯ ಕಾಫಿ ಹಣ್ಣು ಕುಯ್ಯಲು ಘಟ್ಟದ ಕಡೆ ಹೋದ. ಮೇಸ್ತ್ರಿ ಅವಸರಪಡಿಸಿದ್ದರಿಂದ ಹೆಂಡತಿಗೆ ಸರಿಯಾಗಿ ಏನೂ ಹೇಳಲಾಗಲಿಲ್ಲ. ಮೂರನೇ ವಾರಕ್ಕೆ ಕೆಂಚ ಅನ್ನ ಬಿಟ್ಟಿತು. ಬಾಲದಡಿ ನಿಂಬೆಹಣ್ಣಿನಷ್ಟು ಕೆಂಪು ಬಾವು. ಹೊನ್ನಕ್ಕ ನೀರು ಕಾಯಿಸಿ ಶಾಖ ಕೊಟ್ಟಳು. ಆಮೇಲೆ, ಗಂಡ ಮಾಡುತ್ತಿದ್ದುದನ್ನು ನೋಡಿದ್ದ ನೆನಪಿನ ಮೇಲೆ, ಬಾವಿನ ಮೇಲೆ ಬೆರಳಿಟ್ಟು ಒತ್ತಿದಳು. ಕೆಂಚ ಕಿರುಚಿ ತಿರುಗಿ ಅವಳ ಮಣಿಕಟ್ಟಿಗೆ ಹಲ್ಲು ಊರಿತು. ಮರುಗಳಿಗೆಯೇ ಬಿಟ್ಟು, ನಡುಗುತ್ತಾ ಗೋಡೆಗೆ ಒರಗಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

ದಾರಿಯಲ್ಲಿದ್ದ ಕೆಂಪಣ್ಣ ಕಂಡದ್ದು ರಕ್ತ ಮತ್ತು ಜೊಲ್ಲು. "ಉಚ್ನಾಯಿ! ದೊಣ್ಣೆ ತನ್ರಲಾ!"

"ಉಚ್ಚಲ್ಲ ಬುದ್ಧೀ, ಬಾವು ನೋವಿಗೆ ಕಚ್ತು! ಬಡೀಬ್ಯಾಡಿ!" ಹೊನ್ನಕ್ಕ ಅಡ್ಡ ಬಿದ್ದಳು. ಓಡಿಬಂದವರಲ್ಲಿ ಇಬ್ಬರು ಅವಳನ್ನು ಎಳೆದು ಹಿಡಿದುಕೊಂಡರು. ಕೆಂಚ ಓಡಲಿಲ್ಲ. ಓಡುವ ಶಕ್ತಿಯೂ ಅದಕ್ಕಿರಲಿಲ್ಲ.

ಕೆಂಪಣ್ಣನೇ ಅವಳನ್ನು ಬಸ್ಸು ಹತ್ತಿಸಿ ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸಿದ. ನಾಯಿ ಸತ್ತಿದ್ದರಿಂದ ಹುಚ್ಚು ಹೌದೋ ಅಲ್ಲವೋ ತಿಳಿಯುವಂತಿಲ್ಲ, ಹೊಟ್ಟೆಗೆ ಹದಿನಾಲ್ಕು ಇಂಜಕ್ಷನ್ ಬೇಕು ಎಂದರು ಅಲ್ಲಿನ ಡಾಕ್ಟರು. ಸುದ್ದಿ ಮುಟ್ಟಿ ಗಂಗಯ್ಯ ಬರುವಷ್ಟರಲ್ಲಿ ನಾಲ್ಕು ಆಗಿದ್ದವು.

"ಯಾವ ಪಕ್ಕ ಊದಿತ್ತು?" ಎಂದು ಕೇಳಿದ.

"ಎಡಕ್ಕೆ. ನೀನು ಮಾಡ್ದಂಗೇ ಒತ್ತಿದೆ. ನಾನೇ ಕೊಂದ್ಬುಟ್ಟೆ ಕಣಯ್ಯ."

"ಊದಿದ್ರೆ ಒತ್ತಬ್ಯಾಡ ಅಂದಿದ್ರು ಡಾಕ್ಟ್ರು. ಬಾಯಿ ಕಟ್ಟು ಅಂದಿದ್ರು. ನಿಂಗೆ ಅದ್ನ ತಿಳಿಸ್ದೆ ಬಿಟ್ಟೋನು ನಾನು."

ಮರುದಿನ ಅವನು ಊರಿಗೆ ಹೋಗಿ ಕೆರೆ ಏರಿಯ ಹಿಂದಿನ ಹಳ್ಳದಲ್ಲಿ, ಅವರು ಬಡಿದು ಎಸೆದಿದ್ದ ಕೆಂಚನ ಅಳಿದುಳಿದ ದೇಹವನ್ನು ಹುಡುಕಿ ಮಣ್ಣು ಮಾಡಿದ. ಕೆಂಪಣ್ಣನ ಬಾಗಿಲಿಗೆ ಹೋಗಿ, ಆ ಎರಡು ಚೀಲಗಳ ವಿಷಯವನ್ನು ಒಂದೊಂದಾಗಿ ಹೇಳಿದ. ಕೆಂಪಣ್ಣ ತಲೆ ತಗ್ಗಿಸಿ ಕೇಳಿದ. "ನಂಗೇನ್ ಗೊತ್ತಿತ್ಲಾ ಗಂಗ?" ಎಂದ. ಅದು ನಿಜವೇ ಆಗಿತ್ತು. ಗಂಗಯ್ಯ ಹಾಸನದ ಬಸ್ಸು ಹಿಡಿದ.

ಉಳಿದ ದಿನಗಳೂ ಅವನು ಆಸ್ಪತ್ರೆಯ ಜಗಲಿಯಲ್ಲೇ ಇದ್ದ. ದಿನಾ ಬೆಳಿಗ್ಗೆ ನರ್ಸು ಸೂಜಿ ಹಿಡಿದು ಬರುತ್ತಿದ್ದಳು. ಬೇರೆ ಹೆಂಗಸರು ಕೂಗಿಕೊಳ್ಳುತ್ತಿದ್ದರು. ಹೊನ್ನಕ್ಕ ಮಾತ್ರ ಸೀರೆ ಸರಿಸಿ, ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. ಒಂದು ದಿನವೂ ಅಯ್ಯೋ ಅನ್ನಲಿಲ್ಲ.