ಹಡಗಿನಲ್ಲಿರುವ ಅಪ್ಪ

ನನ್ನನ್ನು ಹಡಗು ಹತ್ತಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದ ಕಡೆ ಏನು ತುಂಬುವುದೆಂದು ನನ್ನ ಹೆಂಡತಿ ಪೆನ್ನು ಕಚ್ಚಿಕೊಂಡು ಕೂತಿದ್ದಾಗ, “ಹಡಗಲ್ಲಿ ಕೆಲಸ, ವರ್ಷಕ್ಕೆರಡು ಸಲ ಬರ್ತಾರೆ ಅಂತ ಬರಿ. ಹೇಗಿದ್ರೂ ನಂದು ನೀರಿನ ಕೆಲಸ ತಾನೇ” ಎಂದು ನಕ್ಕಿದ್ದೆ. ಅವಳು ನಗಲಿಲ್ಲ. ಬರೆದಳು.

ನಿಜ ಹೇಳಬೇಕೆಂದರೆ ನಾನು ಈವರೆಗೆ ಸಮುದ್ರವನ್ನೇ ಕಂಡವನಲ್ಲ. ನಾನು ನಲ್ಲಿ ರಿಪೇರಿಯವನು. ಹೊಳೆಯ ಈಚೆ ದಡದ ನಮ್ಮ ಊರಿನಲ್ಲಿ ಯಾರ ಮನೆಯ ಪೈಪು ಗೋಡೆಯೊಳಗೆ ಎಲ್ಲಿ ತಿರುಗುತ್ತದೆ ಎಂಬುದು ಆ ಮನೆಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷದ ಕೆಲಸ ಅದು. ಹೊಳೆ ದಾಟಿದರೆ ಬೇರೆ ಜಿಲ್ಲೆ. ಅಲ್ಲಿ ನನ್ನ ನಾದಿನಿಯ ಮನೆಯಿದೆ. ನನ್ನ ಹೆಂಡತಿ ಎರಡು ವರ್ಷದಿಂದ ಕನವರಿಸುತ್ತಿರುವ ಶಾಲೆಯೂ ಅಲ್ಲೇ ಇದೆ.

ಅವಳು ಕನವರಿಸಿದ್ದು ತಪ್ಪೆಂದು ಹೇಳಲಾರೆ. ನಮ್ಮ ಕಡೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಬೇರೆಯವರು ಬರಲೇ ಇಲ್ಲ. ಆ ಪೀರಿಯಡ್ಡಿನಲ್ಲಿ ಮಕ್ಕಳಿಗೆ ಅಂಗಳದ ಗಿಡಗಳಿಗೆ ನೀರು ಹಾಕುವ ಕೆಲಸ. ನಮ್ಮ ಒಬ್ಬಳೇ ಮಗಳಿಗೆ ಹನ್ನೊಂದು ವರ್ಷ. ಅವಳ ಚುರುಕು ಕಂಡು ನಮ್ಮಮ್ಮ ‘ಚೂಟಿ’ ಎಂದು ಕರೆದದ್ದು ಹಾಗೇ ಉಳಿದುಕೊಂಡಿದೆ. ಅವಳು ಮನೆಗೆ ಬಂದು ಚೀಲ ಎಸೆದು, “ಇವತ್ತೂ ದಾಸವಾಳದ ಲೆಕ್ಕಾನೇ ಮಾಡಿದ್ದು” ಎನ್ನುತ್ತಿದ್ದಳು. ಆಚೆ ದಡದ ಶಾಲೆಯಲ್ಲಿ ಎಲ್ಲ ವಿಷಯಕ್ಕೂ ಮೇಷ್ಟ್ರಿದ್ದಾರೆ. ಆದರೆ ಕನಿಷ್ಠ ಒಂದು ವರ್ಷದಿಂದ ಆ ಜಿಲ್ಲೆಯಲ್ಲಿ ವಾಸವಿರುವವರ ಮಕ್ಕಳಿಗೆ ಮಾತ್ರ ಅಲ್ಲಿ ಸೀಟು.

“ಹಾಗಾದ್ರೆ ಆ ಕಡೆಗೇ ಹೋಗಿಬಿಡೋಣ ರೀ” ಎಂದು ಹೆಂಡತಿ ಮೊದಲ ಸಲ ಹೇಳಿದಾಗ ನಾನು ಹೌಹಾರಿದೆ. ಆಮೇಲೆ ರೇಗಿದೆ. ಈ ವಯಸ್ಸಿನಲ್ಲಿ ಮುಖಪರಿಚಯವಿಲ್ಲದ ಊರಿಗೆ ಹೋಗಿ, ನಿಮ್ಮ ನಲ್ಲಿ ಸೋರುತ್ತದೆಯೇ ಎಂದು ಮನೆಮನೆಯ ಬಾಗಿಲು ತಟ್ಟಬೇಕೇ? “ಇಪ್ಪತ್ತೆರಡು ವರ್ಷದ ಹೆಸರನ್ನ ಚೀಲಕ್ಕೆ ತುಂಬ್ಕೊಂಡು ಹೋಗೋಕಾಗುತ್ತೇನೇ?” ಎಂದು ಕೂಗಾಡಿದೆ. ಊಟಕ್ಕೆ ಕೂತರೂ ಅದೇ ಮಾತು, ಚಪ್ಪಲಿ ಮೆಟ್ಟಿದರೂ ಅದೇ ಮಾತು. ಕೊನೆಗೆ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ನಾವು ಇರುವಲ್ಲೇ ಇರುವುದು, ವಿಳಾಸ ಮಾತ್ರ ನಾದಿನಿಯದು. ದಿನವೂ ನಾನೇ ವ್ಯಾನಿನಲ್ಲಿ ಸೇತುವೆ ದಾಟಿಸಿ ಮಗಳನ್ನು ಬಿಟ್ಟು ಬರುವುದು. ಒಂದೇ ತೊಡಕೆಂದರೆ ನನ್ನ ವ್ಯಾನಿನ ಎರಡೂ ಪಕ್ಕದಲ್ಲಿ ನಮ್ಮ ಊರಿನ ಹೆಸರು ಗೇಣುದ್ದದ ಅಕ್ಷರದಲ್ಲಿದೆ, ನನ್ನ ಕೆಲಸದ ಲೈಸೆನ್ಸೂ ಇಲ್ಲಿಯದೇ. ಅಪ್ಪ ಎಲ್ಲಿ ಎಂದು ಯಾರಾದರೂ ಹುಡುಕಿದರೆ ಬಣ್ಣ ಬಯಲಾಗುತ್ತದೆ. ಅದಕ್ಕೇ ಅಪ್ಪ ಹಡಗು ಹತ್ತಬೇಕಾಯಿತು.

ಶಾಲೆಯವರು ಮನೆ ನೋಡಲು ಬರುತ್ತಾರೆಂದು ತಿಳಿದ ಮೇಲೆ ಮಗಳಿಗೆ ತಾಲೀಮು ಶುರುವಾಯಿತು. ಚಿಕ್ಕಮ್ಮನ ಮನೆಯಲ್ಲಿ ನೀನು ಮಲಗುವ ಕೋಣೆ ಯಾವುದು? ಲೈಟಿನ ಸ್ವಿಚ್ಚು ಬಾಗಿಲಿನ ಯಾವ ಪಕ್ಕ? ನಾನೇ ಪರೀಕ್ಷಕನಾಗಿ ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಕೇಳುತ್ತಿದ್ದೆ. ಎರಡೇ ದಿನಕ್ಕೆ ಅವಳು ಎಲ್ಲ ಕಲಿತಳು. ನನಗೆ ಹೆಮ್ಮೆಯೂ ಆಯಿತು ಎಂದರೆ ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ದಿನ ಹನ್ನೊಂದಕ್ಕೆ ಬರುತ್ತೇವೆಂದು ಶಾಲೆಯವರು ಹೇಳಿದ್ದರು. ನಾನು ಒಂಬತ್ತೂವರೆಗೇ ಅಮ್ಮ ಮಗಳನ್ನು ನಾದಿನಿಯ ಮನೆಗೆ ತಂದುಬಿಟ್ಟು, ವ್ಯಾನನ್ನು ಮೂರು ರಸ್ತೆ ಆಚೆ ನಿಲ್ಲಿಸಿದೆ. ಅಲ್ಲೇ ಕೂತಿರಬೇಕು, ಇತ್ತ ತಲೆ ಹಾಕಬಾರದು ಎಂಬುದು ಹೆಂಡತಿಯ ಕಟ್ಟಪ್ಪಣೆ. ಆದರೆ ಚೂಟಿಯನ್ನು ಬಿಡುವಾಗ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದುದು ಕಿವಿಗೆ ಬಿದ್ದಿತ್ತು. ಕೆಳಗಿನ ಪೈಪೂ ಸೋರಿ ಮರದ ಹಲಗೆ ಉಬ್ಬಿತ್ತು. ನನ್ನ ಷಡ್ಡಕನಿಗೆ ಮೊಳೆ ಹೊಡೆಯಲೂ ಬಾರದು. ಇನ್ನೂ ಒಂದು ಗಂಟೆಯ ಮೇಲೆ ಹೊತ್ತಿದೆಯಲ್ಲ ಎಂದು ಸಲಕರಣೆಯ ಪೆಟ್ಟಿಗೆ ಹಿಡಿದು ಮತ್ತೆ ಬಂದೆ. ಸೋರುವ ನಲ್ಲಿಯನ್ನು ಕೇಳಿಯೂ ಸುಮ್ಮನಿರುವುದು ನನ್ನಿಂದ ಆಗದ ಮಾತು.

ಹತ್ತೂಕಾಲಿಗೆ ನಾನು ಸಿಂಕಿನ ಕೆಳಗೆ ಅಂಗಾತ ಮಲಗಿದ್ದೆ. ಚೂಟಿ ಟಾರ್ಚ್ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಏಳು ವರ್ಷದವಳಿದ್ದಾಗಿಂದ ರಜೆಯ ದಿನಗಳಲ್ಲಿ ನನ್ನ ಜತೆ ಬಂದು ಟಾರ್ಚ್ ಹಿಡಿಯುವುದು ಅವಳದೇ ಕೆಲಸ. ನಾನು ಕೈ ಚಾಚಿದರೆ ಸಾಕು, ನಟ್ಟು ತಿರುಗಿಸಲು ಯಾವ ಪಾನಾ ಬೇಕೆಂದು ಕೇಳದೆಯೇ ಸರಿಯಾದದ್ದನ್ನು ಇಡುತ್ತಾಳೆ. ಆಗ ಕರೆಗಂಟೆ ಸದ್ದಾಯಿತು. ಟಾರ್ಚಿನ ಬೆಳಕು ಆರಿತು.

“ಸ್ವಲ್ಪ ಬೇಗ ಬಂದ್ಬಿಟ್ಟೆ, ಪಕ್ಕದ ರಸ್ತೇಲೇ ಇನ್ನೊಂದು ಮನೆ ಇತ್ತು” ಎನ್ನುತ್ತಾ ಶಾಲೆಯ ಮೇಡಂ ಒಳಗೆ ಬಂದರು. ನನಗೆ ಕಂಡದ್ದು ಅವರ ಚಪ್ಪಲಿ ಮಾತ್ರ. ಆ ಚಪ್ಪಲಿಗಳು ಮನೆಯೆಲ್ಲ ಓಡಾಡಿ ಅಡುಗೆಮನೆಯ ಹೊಸ್ತಿಲಿಗೆ ಬಂದವು.

“ಇವರ್ಯಾರು?”

ನಾದಿನಿ ಕೆಮ್ಮಿದಳು. ನಾನು ಪೈಪನ್ನೇ ದಿಟ್ಟಿಸುತ್ತಿದ್ದೆ.

“ನಲ್ಲಿ ರಿಪೇರಿಗೆ ಬಂದಿದಾರೆ” ಎಂದಳು ಚೂಟಿ.

ಎಷ್ಟು ಸಲೀಸಾಗಿ ಹೇಳಿದಳು. ಸುಳ್ಳೂ ಅಲ್ಲ ಅದು. ನಾನು ಬೆಪ್ಪನಂತೆ ಸಿಂಕಿನ ಕೆಳಗಿಂದಲೇ “ನಮಸ್ಕಾರ ಮೇಡಂ” ಎಂದೆ.

ಮೇಡಂ ಚೂಟಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು, ಪ್ರಶ್ನೆಗಳು ಶುರುವಾದವು. ಕೋಣೆ, ಮಂಚ, ಸ್ವಿಚ್ಚು, ಎಲ್ಲಕ್ಕೂ ಉತ್ತರ ನಾವು ಕಲಿಸಿದ ಹಾಗೇ ಬಂತು. ಆಮೇಲೆ ಮೇಡಂ, “ನಿಮ್ಮಪ್ಪ ಹಡಗಲ್ಲಿದಾರಂತೆ. ಮಾತಾಡ್ತಾರಾ?” ಎಂದರು.

“ಭಾನುವಾರ ಫೋನ್ ಮಾಡ್ತಾರೆ. ಆ ವಾರ ಏನ್ ಓದಿದೆ ಅಂತ ಕೇಳ್ತಾರೆ. ನಂಗೆ ಬರದೇ ಇರೋ ಲೆಕ್ಕಾನ ನಿಧಾನಕ್ಕೆ ಹೇಳ್ಕೊಡ್ತಾರೆ. ಎಷ್ಟು ಸಲ ತಪ್ಪಾದ್ರೂ ರೇಗಲ್ಲ.”

ಇದು ನಮ್ಮ ತಾಲೀಮಿನಲ್ಲಿ ಇರಲಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಬೆನ್ನು ತೋರಿಸಿದವನು. ಅವಳು ಲೆಕ್ಕದ ಪುಸ್ತಕ ತಂದರೆ, ನಿಮ್ಮಮ್ಮನ್ನ ಕೇಳು ಎಂದು ಸಿಡುಕುತ್ತೇನೆ. ಇಂಥ ಅಪ್ಪನನ್ನು ಅವಳು ಎಲ್ಲಿಂದ ತಂದಳೋ. ಆ ಹಡಗಿನವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

“ಅಪ್ಪ ಜೊತೇಲಿಲ್ಲ ಅಂತ ಬೇಜಾರಾಗಲ್ವಾ?”

“ರೂಢಿ ಆಗಿದೆ.”

ನನ್ನ ಕೈ ಅಭ್ಯಾಸಬಲದಿಂದ ಪಾನಾ ಬೇಕೆಂದು ಹಿಂದಕ್ಕೆ ಚಾಚಿತ್ತು. ಅವಳು ಕೂತಿದ್ದ ಜಾಗ ಖಾಲಿ ಇತ್ತು. ಕೈಯನ್ನು ಹಾಗೇ ಸ್ವಲ್ಪ ಹೊತ್ತು ಬಿಟ್ಟಿದ್ದು, ಆಮೇಲೆ ಮಡಚಿ ಎದೆಯ ಮೇಲೆ ಇಟ್ಟುಕೊಂಡೆ. ಆಗ ಅತ್ತಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಅಳು ಬರಲಿಲ್ಲ.

ಹೊರಡುವಾಗ ಮೇಡಂ ನನ್ನ ಹೆಂಡತಿಗೆ, “ಸೀಟಿನ ಚಿಂತೆ ಬಿಡಿ, ಇಂಥಾ ಮಕ್ಕಳು ನಮಗೂ ಬೇಕು” ಎಂದರು. ಮತ್ತೆ ಅಡುಗೆಮನೆಗೆ ಬಂದು ಅಷ್ಟರಲ್ಲಿ ನಾನು ಸರಿಮಾಡಿದ್ದ ನಲ್ಲಿಯನ್ನು ತಿರುಗಿಸಿ ನೋಡಿದರು. “ಕೈಗುಣ ಚೆನ್ನಾಗಿದೆ. ನಮ್ಮನೆ ನಲ್ಲಿ ತಿಂಗಳಿಂದ ಸೋರ್ತಿದೆ, ಈ ಊರಲ್ಲಿ ಕರೆದ್ರೆ ಯಾರೂ ಬರಲ್ಲ. ಮಧ್ಯಾಹ್ನ ಬರ್ತೀರಾ?” ನಾನು ಸಿಂಕಿನ ಕೆಳಗಿಂದ ಎದ್ದು ಕೂತು ಹೂಂ ಎಂದು ತಲೆಯಾಡಿಸಿದೆ. ಚೀಟಿಯಲ್ಲಿ ವಿಳಾಸ ಬರೆದುಕೊಟ್ಟು ಹೋದರು.

ಅವರು ಗೇಟು ದಾಟುತ್ತಿದ್ದಂತೆ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಭಾವ, ನಿಮ್ಮ ಮಗಳು ನಮ್ಮೆಲ್ಲರ ಮಾನ ಉಳಿಸಿದ್ಲು ನೋಡಿ.” ಹೆಂಡತಿ ಮಗಳನ್ನು ತಬ್ಬಿಕೊಂಡು ಅತ್ತಳು. ಚೂಟಿ ಅಮ್ಮನ ಕೈ ಬಿಡಿಸಿಕೊಂಡು ಬಂದು, ನೆಲದ ಮೇಲಿದ್ದ ನನ್ನ ಪಾನಾ, ಸ್ಕ್ರೂಡ್ರೈವರ್, ಉಳಿದ ವಾಷರುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯೊಳಗಿಟ್ಟಳು. ನನ್ನ ಮುಖ ನೋಡಲಿಲ್ಲ.

ಊಟ ಮುಗಿಸಿ ವಾಪಸು ಹೊರಟಾಗ ವ್ಯಾನಿನ ಮುಂದಿನ ಸೀಟಿನಲ್ಲಿ ಎಂದಿನಂತೆ ಅವಳು ನಮ್ಮಿಬ್ಬರ ನಡುವೆ ಕೂತಳು. ಹೆಂಡತಿ ಹೊಸ ಚೀಲ, ಹೊಸ ಪುಸ್ತಕ ಎಂದು ಏನೇನೋ ಹೇಳುತ್ತಿದ್ದಳು. ನನ್ನ ಮನಸ್ಸು ಆಗಲೇ ಶಾಲೆಯ ಸುತ್ತಮುತ್ತ ಓಡುತ್ತಿತ್ತು. ಹಿಂದಿನ ರಸ್ತೆಯಲ್ಲಿ ಒಂದು ಮರವಿದೆ, ಅದರ ಮರೆಯಲ್ಲಿ ನಿಲ್ಲಿಸಿದರೆ ವ್ಯಾನಿನ ಹೆಸರು ಗೇಟಿಗೆ ಕಾಣುವುದಿಲ್ಲ.

“ಅಪ್ಪಾ” ಎಂದಳು ಚೂಟಿ. “ಸ್ಕೂಲಿಗೆ ನೀನೇ ಬಿಡ್ತೀಯಲ್ಲ. ಯಾರಾದ್ರೂ ನೋಡಿ ಇವರ್ಯಾರು ಅಂದ್ರೆ ಏನ್ ಹೇಳ್ಲಿ?”

“ಅಪ್ಪ ಗೇಟ್‌ವರೆಗೂ ಬರಲ್ಲ ಪುಟ್ಟಾ” ಎಂದಳು ಹೆಂಡತಿ.

“ಎಷ್ಟು ವರ್ಷ ಬರಲ್ಲ?”

ಚೂಟಿಯೇ ಬೆರಳು ಮಡಚಿ, “ಏಳರಿಂದ ಹತ್ತನೇ ಕ್ಲಾಸ್ ತನಕ ಅಂದ್ರೆ ನಾಲ್ಕು ವರ್ಷ” ಎಂದಳು. ಆ ಲೆಕ್ಕಕ್ಕೆ ಯಾವ ಮೇಷ್ಟ್ರೂ ಬೇಕಾಗಲಿಲ್ಲ.

ಸೇತುವೆ ಎದುರಿಗೇ ಇತ್ತು. ನಾನು ರಸ್ತೆಯ ಪಕ್ಕಕ್ಕೆ ತಂದು ವ್ಯಾನು ನಿಲ್ಲಿಸಿ, ಜೇಬಿನಿಂದ ಚೀಟಿ ತೆಗೆದೆ.

“ಏನ್ ಮಾಡ್ತಿದೀರಿ?”

“ಆ ಮೇಡಂ ಮನೆಗೆ ಹೋಗ್ಬೇಕು.”

ಹೆಂಡತಿಗೆ ತಕ್ಷಣ ಅರ್ಥವಾಯಿತು. ಹದಿನಾಲ್ಕು ವರ್ಷ ನನ್ನ ಜತೆ ಬಾಳಿದವಳು. “ಬೇಡ ರೀ. ಸೀಟು ಹೋಗುತ್ತೆ.”

“ಹೋಗ್ಬಹುದು. ಈ ಕಡೆಗೇ ಮನೆ ಮಾಡೋಣ. ವ್ಯಾನಿನ ಹೆಸರು ಅಳಿಸಿ ಹೊಸದಾಗಿ ಬರೆಸ್ತೀನಿ. ಒಂದ್ ವರ್ಷ ಇದ್ದು ಆಮೇಲೆ ನ್ಯಾಯವಾಗಿ ಕೇಳೋಣ.”

“ಇದನ್ನೇ ಎರಡು ವರ್ಷದ ಹಿಂದೆ ನಾನು ಹೇಳಿದ್ದು” ಎಂದಳು. ದನಿ ಏರಲಿಲ್ಲ, ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. “ಆಗ ಬಂದಿದ್ರೆ ಇವತ್ತು ಸುಳ್ಳೇ ಬೇಕಾಗ್ತಿರ್ಲಿಲ್ಲ. ನಿಮ್ಮ ಹಟಕ್ಕೆ ಇವಳಿಗೆ ಇನ್ನೂ ಒಂದು ವರ್ಷ ಹಾಳು.”

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. “ತಪ್ಪು ನಂದೇ” ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದನ್ನು ಅವಳು ಹಿಂದೆ ಯಾವತ್ತೂ ಕೇಳಿರಲಿಕ್ಕಿಲ್ಲ. ಆದರೂ ಕಿಟಕಿಯ ಕಡೆಗೇ ಮುಖ ತಿರುಗಿಸಿದ್ದಳು. ನಾನು ವ್ಯಾನು ತಿರುಗಿಸಿದೆ.

ಮೇಡಂ ಅವರದು ಹಸಿರು ಗೇಟಿನ ಸಣ್ಣ ಮನೆ. ಇಷ್ಟು ವರ್ಷದಲ್ಲಿ ಮೊದಲ ಸಲ ವ್ಯಾನಿನ ಹೆಸರು ಮನೆಯ ಕಡೆಗೇ ಕಾಣುವ ಹಾಗೆ ಲೆಕ್ಕ ಹಾಕಿ ನಿಲ್ಲಿಸಿದೆ. ಹೆಂಡತಿ ಇಳಿಯಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾನು ಪೆಟ್ಟಿಗೆ ಎತ್ತಿಕೊಂಡೆ. ಚೂಟಿಯನ್ನು ಬಾ ಎಂದು ಕರೆಯಲಿಲ್ಲ. ಅರ್ಧ ದಾರಿಗೆ ಹಿಂದಿನಿಂದ ಅವಳ ಹೆಜ್ಜೆಯ ಸದ್ದು ಕೇಳಿಸಿತು.

ಮೇಡಂ ಬಾಗಿಲು ತೆರೆದರು. “ಬಂದ್ರಾ? ಬನ್ನಿ, ಬನ್ನಿ” ಎಂದವರು ನನ್ನ ಪಕ್ಕ ನೋಡಿ ಮಾತು ನಿಲ್ಲಿಸಿದರು. ಅವರ ಕಣ್ಣು ಚೂಟಿಯಿಂದ ವ್ಯಾನಿಗೆ, ವ್ಯಾನಿನ ಮೇಲಿನ ಊರಿನ ಹೆಸರಿಗೆ, ಒಳಗೆ ಕೂತಿದ್ದ ನನ್ನ ಹೆಂಡತಿಗೆ ಹೋಗಿ ಮತ್ತೆ ನನ್ನ ಮುಖಕ್ಕೆ ಬಂತು.

“ಇವಳು...”

“ನನ್ನ ಮಗಳು ಮೇಡಂ” ಎಂದೆ. “ಯಾವಾಗ್ಲೂ ಇವಳೇ ನನಗೆ ಟಾರ್ಚ್ ಹಿಡಿಯೋದು.”

ಅವರು ಬಾಗಿಲಿನಿಂದ ಕೈ ತೆಗೆಯಲಿಲ್ಲ. ಒಳಗೆಲ್ಲೋ ಅವರ ನಲ್ಲಿ ತೊಟ್ಟಿಕ್ಕುತ್ತಿತ್ತು. ವಾಷರ್ ಸವೆದಿದೆ, ಕೇಳಿದರೇ ಗೊತ್ತಾಗುತ್ತದೆ. ಚೂಟಿಗೂ ಗೊತ್ತಾಗಿರಬೇಕು. ಅವಳು ಒಂದು ಕೈಯಲ್ಲಿ ನನ್ನ ಅಂಗಿಯ ತುದಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಾಡಹಗಲಿನಲ್ಲೇ ಟಾರ್ಚ್ ಹೊತ್ತಿಸಿದಳು.